ಗೇಣಿ ಚೀಟಿಯ ಕೈಬರಹ

ಜೈನ ಪುರಾಣಗಳು ಬಹುಮಟ್ಟಿಗೆ ಒಂದು ಪ್ರಶ್ನೆಯಿಂದ ಆರಂಭವಾಗುತ್ತವೆ. ವಿಪುಲಾಚಲದ ಮೇಲೆ ನೆರೆದ ವರ್ಧಮಾನ ಜಿನರ ಸಮವಸರಣಕ್ಕೆ ಬಂದ ಮಗಧದ ಅರಸ ಶ್ರೇಣಿಕನು ಕೈಮುಗಿದು ಕೇಳುತ್ತಾನೆ, ಗೌತಮ ಗಣಧರರು ಹೇಳುತ್ತಾರೆ. ಕವಿಗಳು ಈ ಚೌಕಟ್ಟನ್ನು ಶತಮಾನಗಳ ಕಾಲ ಬಿಡದೆ ಉಳಿಸಿಕೊಂಡು ಬಂದುದಕ್ಕೆ ಸಂಪ್ರದಾಯನಿಷ್ಠೆಯೊಂದೇ ಕಾರಣವಾಗಿರಲಾರದು. ಕೇಳುವವನು ಇಲ್ಲದಿದ್ದರೆ ಹೇಳುವವರ ಬಳಿ ಇರುವುದು ಅವರೊಡನೆಯೇ ಹೋಗುತ್ತದೆ ಎಂಬ ತಿಳಿವಳಿಕೆಯೂ ಅದರಲ್ಲಿದೆ. ಲೋಕಕ್ಕೆಲ್ಲ ಪುರಾಣ ಕೇಳಿಸಿದ ಈ ಶ್ರೇಣಿಕನ ಸ್ವಂತ ಮನೆಯಲ್ಲಿ ಮಾತ್ರ ಕೇಳಬೇಕಾದ ಪ್ರಶ್ನೆ ತಡವಾಯಿತು. ಶ್ವೇತಾಂಬರ ಕಥಾಪರಂಪರೆಯ ಪ್ರಕಾರ ಮಗ ಕೂಣಿಕನು ತಂದೆಯನ್ನು ಸೆರೆಯಲ್ಲಿಟ್ಟು ತಾನೇ ಅರಸನಾದ. ಆಮೇಲೊಂದು ದಿನ ತಾಯಿ ಚೇಲನೆಯ ಬಾಯಿಂದ ಅವನಿಗೆ ತಿಳಿಯಿತು: ಹುಟ್ಟಿದೊಡನೆ ತಿಪ್ಪೆಯ ಮೇಲೆ ಬಿಸುಟಿದ್ದ ತನ್ನನ್ನು ಎತ್ತಿ ತಂದವನು ತಂದೆ, ಕೋಳಿ ಕುಕ್ಕಿ ಕೀವು ತುಂಬಿದ್ದ ಬೆರಳನ್ನು ಬಾಯಲ್ಲಿಟ್ಟು ಚೀಪಿ ನೋವು ಇಳಿಸಿದವನೂ ಅವನೇ. ಸಂಕೋಲೆ ಕಡಿಯಲೆಂದು ಕೂಣಿಕ ಕೊಡಲಿ ಹಿಡಿದು ಓಡಿದ. ಕೊಡಲಿಯನ್ನು ಕಂಡ ಶ್ರೇಣಿಕ, ಮಗ ಕೊಲ್ಲಲು ಬಂದನೆಂದು ಬಗೆದು, ವಿಷವುಂಡು ಪ್ರಾಣಬಿಟ್ಟ.

ತಂದೆತಾಯಿಗಳ ಬಗೆಗೆ ಮಕ್ಕಳಿಗಿರುವ ತಿಳಿವಳಿಕೆ ಎಷ್ಟು ತೆಳುವಾದದ್ದು ಎಂಬುದಕ್ಕೆ ಇಷ್ಟು ದಾರುಣವಲ್ಲದ ನಿದರ್ಶನಗಳು ಆಧುನಿಕ ಕನ್ನಡದಲ್ಲಿಯೂ ಇವೆ. ಗಿರೀಶ ಕಾರ್ನಾಡರು ತಮ್ಮ ಆತ್ಮಕಥೆ ‘ಆಡಾಡತ ಆಯುಷ್ಯ’ವನ್ನು (2011) ಡಾ. ಮಧುಮಾಲತಿ ಗುಣೆ ಎಂಬ ವೈದ್ಯೆಗೆ ಅರ್ಪಿಸಿದ್ದಾರೆ. ಗರ್ಭ ಬೇಡವೆಂದು ತಾಯಿ ಹೋಗಿದ್ದ ದಿನ ಆ ವೈದ್ಯೆ ಚಿಕಿತ್ಸಾಲಯಕ್ಕೆ ಬಂದಿರಲಿಲ್ಲ. ಬಾರದಿದ್ದುದರಿಂದಲೇ ಮಗ ಹುಟ್ಟಿದ. ತಾಯಿ ಈ ಸಂಗತಿಯನ್ನು ಹೇಳಿದ್ದು ಮಗ ಬೆಳೆದು ಹೆಸರು ಮಾಡಿದ ಮೇಲೆ, ಊಟದ ಹೊತ್ತಿನ ಮಾತಿನಲ್ಲಿ, ಸಲೀಸಾಗಿ. ಹಿರಿಯರು ಇಂಥದನ್ನು ಮುಚ್ಚಿಡುತ್ತಾರೆ ಎನ್ನುವುದಕ್ಕಿಂತ ಯಾರೂ ಕೇಳಲಿಲ್ಲವಾದ್ದರಿಂದ ಹೇಳಿರುವುದಿಲ್ಲ ಎನ್ನುವುದೇ ಹೆಚ್ಚು ಸರಿಯೆಂದು ತೋರುತ್ತದೆ. ಕಾರ್ಕಳ ಮತ್ತು ಮೂಡುಬಿದಿರೆಗಳ ನಡುವಣ ಸೀಮೆಯ ಒಂದು ಜೈನ ಮನೆಯಲ್ಲಿ, 2011ರ ಮಳೆಗಾಲದಲ್ಲಿ ನಡೆದ ಒಂದು ಸಂದರ್ಶನವೂ ಈ ಮಾತಿಗೆ ಪುಷ್ಟಿ ಕೊಡುತ್ತದೆ.

ಸಂದರ್ಶಕ ನಿವೃತ್ತ ಇತಿಹಾಸ ಅಧ್ಯಾಪಕ. ಶಾಸನಗಳ ಅಧ್ಯಯನದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವರು. ಸಂದರ್ಶನ ಕೊಟ್ಟವರು ಅವರ ತಾಯಿ. ಆಗ ಎಂಬತ್ತರ ಆಸುಪಾಸಿನವರು. ಮನೆತನದ ಇತಿಹಾಸವನ್ನು ಬರೆಯಬೇಕೆಂದು ಬಂಧುಗಳೆಲ್ಲ ಒತ್ತಾಯಿಸುತ್ತಿದ್ದರು. ದಾಖಲೆಗಳು ಇದ್ದಷ್ಟು ಇದ್ದವು, ಆದರೆ 1950ರಿಂದ ಈಚಿನದನ್ನು ಹೇಳಬಲ್ಲವರು ತಾಯಿಯೊಬ್ಬರೇ ಉಳಿದಿದ್ದರು. ಮಗ ಒಂದು ಪುಟ್ಟ ಧ್ವನಿಮುದ್ರಣ ಯಂತ್ರವನ್ನು ಕೊಂಡು, ನಲವತ್ತು ಪ್ರಶ್ನೆಗಳನ್ನು ಬರೆದುಕೊಂಡು, ಮಧ್ಯಾಹ್ನ ಮೂರರಿಂದ ಸೂರ್ಯಾಸ್ತಕ್ಕೆ ಮುಂಚಿನ ಊಟದವರೆಗೆ ಎಂದು ಹೊತ್ತು ಗೊತ್ತುಮಾಡಿ ಚಾವಡಿಯಲ್ಲಿ ಕುಳಿತರು.

ಮೊದಲ ದಿನ ಏನೂ ಆಗಲಿಲ್ಲ ಎಂದೇ ಹೇಳಬೇಕು. ಪ್ರಶ್ನೆಗಳು ಕನ್ನಡದಲ್ಲಿದ್ದವು. ಮನೆಯ ಮಾತು ತುಳು. ಶಾಲೆಯ ಕನ್ನಡದಲ್ಲಿ ಕೇಳಿದೊಡನೆ ತಾಯಿ ಶಾಲೆಯ ಹುಡುಗಿಯಂತೆಯೇ ಉತ್ತರಿಸಿದರು: ಹೆಸರು, ಹುಟ್ಟಿದ ಊರು, ಐದನೆಯ ತರಗತಿ, ಮದುವೆ, ಮಕ್ಕಳು ನಾಲ್ವರು. ಜೊತೆಗೆ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಯಂತ್ರದಲ್ಲಿ ಅವರ ದನಿಯನ್ನು ನುಂಗಿತ್ತು. ಎರಡನೆಯ ದಿನ ಮಗ ಪ್ರಶ್ನೆಗಳ ಹಾಳೆಯನ್ನು ಬದಿಗಿಟ್ಟು ತುಳುವಿನಲ್ಲಿ, ಕೆಳಗಿನ ಬೈಲಿನ ಗದ್ದೆ ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂದು ಕೇಳಿದರು. ಆಮೇಲೆ ಕೇಳುವ ಅಗತ್ಯವೇ ಬೀಳಲಿಲ್ಲ. ಮೂಡಾಯಿಯಲ್ಲಿ ಜೋಡು ಹಲಸು, ತೆನ್ಕಾಯಿಯಲ್ಲಿ ತೋಡು, ಪಡ್ಡಾಯಿಯಲ್ಲಿ ನಾಗಬನದ ಕಲ್ಲುಕಟ್ಟೆ, ಬಡಕಾಯಿಯಲ್ಲಿ ಬಸದಿಗೆ ಹೋಗುವ ಕಾಲುದಾರಿ. ದತ್ತಿ ಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ದಿಕ್ಕು ದಿಕ್ಕಿಗೆ ಕಲ್ಲು, ಮರ, ಹಳ್ಳಗಳಿಂದ ಗುರುತಿಸುವ ಕ್ರಮವನ್ನು ನೂರಾರು ಸಲ ಓದಿದ್ದ ಮಗನಿಗೆ ಅದೇ ವಾಕ್ಯರಚನೆ ತಾಯಿಯ ಬಾಯಲ್ಲಿ ಕೇಳಿಸಿದಾಗ ಆದ ಅಚ್ಚರಿ ಸಣ್ಣದಲ್ಲ. ಕಾಲವನ್ನೂ ಅವರು ಇಸವಿಯಿಂದ ಹೇಳುತ್ತಿರಲಿಲ್ಲ. ‘ಕಾರ್ಕಳದಿಂದ ಧರ್ಮಸ್ಥಳಕ್ಕೆ ಬಾಹುಬಲಿ ಸ್ವಾಮಿ ರಸ್ತೆಯ ಮೇಲೆ ಹೋದ ವರ್ಷ’ ಎಂದರೆ 1973. ‘ನೇತ್ರಾವತಿಯ ಎರಡನೇ ದೊಡ್ಡ ನೆರೆ’ ಎಂದರೆ 1974. ಮೊದಲನೆಯದು ಅವರು ಹುಟ್ಟುವ ಮುಂಚಿನ 1923ರದ್ದು. ಮೂವತ್ತೊಂಬತ್ತು ಅಡಿಯ ಏಕಶಿಲಾ ಮೂರ್ತಿ ಊರೂರು ದಾಟಿ ಸಾಗಿದ್ದನ್ನು ನೋಡಿದ ತಲೆಮಾರಿಗೆ ಅದಕ್ಕಿಂತ ಭದ್ರವಾದ ಶಕವರ್ಷ ಬೇರೆ ಬೇಕಿಲ್ಲ.

ಆ ಎರಡು ವರ್ಷಗಳ ನಡುವೆಯೇ ಮನೆತನದ ಇತಿಹಾಸದ ಮುಖ್ಯ ಘಟನೆಯ ಮೂಲವಿತ್ತು. ಅದನ್ನು ಅರಿಯಲು ತುಳುನಾಡಿನ ಭೂಮಿಯ ವ್ಯವಸ್ಥೆಯನ್ನು ತುಸು ನೆನಪಿಸಿಕೊಳ್ಳಬೇಕು. ಇಲ್ಲಿಯ ಜೈನರು, ಬಂಟರು ಮೊದಲಾದವರಲ್ಲಿ ಅಳಿಯಸಂತಾನ ಪದ್ಧತಿ. ವಂಶ ಹೆಣ್ಣಿನಿಂದ ಹರಿಯುತ್ತದೆ, ಆಸ್ತಿ ಕುಟುಂಬದ್ದು, ಆಡಳಿತ ಸಾಮಾನ್ಯವಾಗಿ ಹಿರಿಯ ಸೋದರಮಾವನದು. ಕುಟುಂಬದ ಒಂದೊಂದು ಹೆಣ್ಣಿನ ಸಂತತಿ ಒಂದೊಂದು ಕವರು. ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದಾಗ ಬಂದ 1949ರ ಕಾಯಿದೆಯಿಂದ ಕವರುಗಳಿಗೆ ಪಾಲು ಕೇಳುವ ಹಕ್ಕು ದೊರೆತಿದ್ದರೂ ಎಷ್ಟೋ ಮನೆಗಳು ಒಟ್ಟಾಗಿಯೇ ಉಳಿದಿದ್ದವು. ಭೂಮಿಯನ್ನು ಉಳುವವರು ಒಕ್ಕಲುಗಳು. ಬೈಲು, ಮಜಲು, ಬೆಟ್ಟು ಎಂಬ ಮೂರು ದರ್ಜೆಯ ಗದ್ದೆಗಳು. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳು. ಗೇಣಿಯನ್ನು ಮುಡಿ ಅಕ್ಕಿಯಲ್ಲಿ ಅಳೆಯುತ್ತಿದ್ದರು. ಬೈಹುಲ್ಲಿನಿಂದ ಉಂಡೆಯಾಗಿ ಬಿಗಿದು ಕಟ್ಟಿದ ಒಂದು ಮುಡಿಗೆ ಮೂರು ಕಳಸೆ, ಎಂದರೆ 42 ಸೇರು. ಮೂಲಗೇಣಿಯವನಿಗೆ ಭೂಮಿಯ ಮೇಲೆ ಶಾಶ್ವತ ಹಕ್ಕಿತ್ತು. ಚಾಲಗೇಣಿಯವನು ಮಾತ್ರ ಧಣಿಯ ಮುಖ ನೋಡಿ ಬದುಕಬೇಕಾಗಿತ್ತು.

ಈ ಮನೆಗೆ ಮೂರು ಚಾಲಗೇಣಿ ಒಕ್ಕಲು. ಯಜಮಾನ ತಾಯಿಯ ಅಣ್ಣ. ಗಂಡ ಶಾಲಾ ಮಾಸ್ತರರು. 1961ರಲ್ಲಿ ತೀರಿಕೊಂಡಾಗ ಮಕ್ಕಳನ್ನು ಕರೆದುಕೊಂಡು ತಾಯಿ ತವರಿಗೆ ಬಂದರು. ಅಳಿಯಸಂತಾನದ ಮನೆಯಲ್ಲಿ ಅದು ಆಶ್ರಯವಲ್ಲ, ಹಕ್ಕು. ಆದರೆ ಹಕ್ಕಿನ ಮನೆಯಲ್ಲಿಯೂ ವಿಧವೆಯ ಊಟಕ್ಕೆ ಒಂದು ಬೆಲೆ ಇರುತ್ತದೆ. ಅಡುಗೆಮನೆ ಮತ್ತು ಅಕ್ಕಿಯ ಕೋಣೆ ಅವರ ಪಾಲಿಗೆ ಬಂದವು.

1974ರ ಮಾರ್ಚ್ 1ರಂದು ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಕಾಯಿದೆ ಜಾರಿಗೆ ಬಂತು. ಗೇಣಿಯಲ್ಲಿದ್ದ ಭೂಮಿಯೆಲ್ಲ ಆ ದಿನದಿಂದ ಸರ್ಕಾರಕ್ಕೆ ಸೇರಿತು. ಉಳುವವನು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು, ತಾನು ಗೇಣಿದಾರನೆಂದು ಭೂನ್ಯಾಯ ಮಂಡಳಿಯ ಮುಂದೆ ಸಿದ್ಧಪಡಿಸಿದರೆ ಭೂಮಿ ಅವನದು. ಅರ್ಜಿಯ ಅವಧಿ ವಿಸ್ತರಣೆಗೊಳ್ಳುತ್ತ 1979ರ ಜೂನ್ 30ರವರೆಗೂ ನಡೆಯಿತು. ಜಿಲ್ಲೆಯ ಜನ ಇಂದಿಗೂ ಇದನ್ನು ‘ಡಿಕ್ಲರೇಶನ್’ ಎಂದೇ ಕರೆಯುತ್ತಾರೆ. ‘ಡಿಕ್ಲರೇಶನ್ನಿನಲ್ಲಿ ಹೋಯಿತು’ ಎಂದು ಒಂದು ಮನೆಯವರು, ‘ಡಿಕ್ಲರೇಶನ್ನಿನಲ್ಲಿ ಬಂತು’ ಎಂದು ಪಕ್ಕದ ಮನೆಯವರು. ಮಂಡಳಿಗೆ ಅಸಿಸ್ಟೆಂಟ್ ಕಮಿಷನರರು ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು. ಆರಂಭದ ವರ್ಷಗಳಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಈ ಒಂದು ನಿಯಮದ ಮಹತ್ವವನ್ನು ಇತಿಹಾಸಕಾರರು ಸಾಕಷ್ಟು ಗಮನಿಸಿದಂತಿಲ್ಲ. ಧಣಿ ಮತ್ತು ಒಕ್ಕಲು, ತಲೆಮಾರುಗಳಿಂದ ಒಬ್ಬರು ಜಗಲಿಯ ಮೇಲೂ ಇನ್ನೊಬ್ಬರು ಅಂಗಳದಲ್ಲೂ ನಿಂತು ಮಾತಾಡಿದವರು, ಒಂದೇ ಮೇಜಿನ ಮುಂದೆ ನಿಂತು ತಮ್ಮ ಬಾಯಿಂದಲೇ ಹೇಳಬೇಕಾಯಿತು.

ಮನೆಯಲ್ಲಿ ಪ್ರಚಲಿತವಾಗಿದ್ದ ಕಥೆ ಹೀಗಿತ್ತು: ಮೂವರು ಒಕ್ಕಲುಗಳೂ ಅರ್ಜಿ ಹಾಕಿದರು. ಯಜಮಾನರು, ಇವರು ಗೇಣಿದಾರರಲ್ಲ, ಕೂಲಿಯಾಳುಗಳು ಎಂದು ಹೇಳಿಕೆ ಕೊಟ್ಟರು. ಭೂಮಿಯಲ್ಲಿ ತಂಗಿಯ ಕವರಿಗೂ ಪಾಲಿದ್ದುದರಿಂದ ಅವರಿಗೂ ನೋಟೀಸು ಬಂದಿತ್ತು. ‘ಅವಳು ಪಾಪದವಳು. ಅಧಿಕಾರಿ ಗದರಿಸಿ ಕೇಳಿದಾಗ ಹೆದರಿ ಹೂಂ ಅಂದುಬಿಟ್ಟಳು. ಬೈಲು ಪೂರ್ತಿ ಹೋಯಿತು.’ ದಕ್ಷಿಣ ಕನ್ನಡದ ಮಾತಿನಲ್ಲಿ ‘ಪಾಪದವಳು’ ಎಂದರೆ ಪಾಪ ಮಾಡಿದವಳಲ್ಲ, ಲೋಕವರಿಯದ ಮುಗ್ಧೆ. ಅಣ್ಣ ಅಂದಿನಿಂದ ತಂಗಿಯೊಡನೆ ಮಾತು ಬಿಟ್ಟರು. ಒಂದೇ ಮಾಡಿನ ಕೆಳಗೆ ಎರಡು ಒಲೆಗಳಾದವು. ಹದಿನೇಳು ವರ್ಷಗಳ ಮೇಲೆ ಅವರು ತೀರಿಕೊಂಡಾಗಲೂ ಆ ಮೌನ ಮುರಿದಿರಲಿಲ್ಲ. ಮೈಸೂರಿನಲ್ಲಿ ಎಂ.ಎ. ಓದಲು ಹೊರಟಿದ್ದ ಮಗನಿಗೆ ಮನೆಯಿಂದ ಬರಬೇಕಿದ್ದ ಹಣ ನಿಂತಿತು. ಅಚ್ಚುಮನೆಯೊಂದರಲ್ಲಿ ಕರಡು ತಿದ್ದಿ ಅವರು ಓದು ಮುಗಿಸಿದರು. ಬಂಧುಗಳು ಮದುವೆ ಮುಂಜಿಗಳಲ್ಲಿ ಈ ಕಥೆಯನ್ನು ಹೇಳುವಾಗ ತಾಯಿ ಅಲ್ಲಿಯೇ ಕುಳಿತಿರುತ್ತಿದ್ದರು. ತಿದ್ದುತ್ತಿರಲಿಲ್ಲ. ಎಲೆಯ ಮೇಲೆ ಸುಣ್ಣ ಸವರುತ್ತ ಸಣ್ಣಗೆ ನಗುತ್ತಿದ್ದರು ಎಂದು ಮಗನಿಗೆ ನೆನಪು.

ಮೂರನೆಯ ದಿನದ ಧ್ವನಿಮುದ್ರಣದಲ್ಲಿ ಆ ಘಟ್ಟ ಬರುತ್ತದೆ. ಮಗ ಬಹಳ ಸಂಕೋಚದಿಂದ, ತಾಯಿಗೆ ನೋವಾಗಬಾರದೆಂಬ ಎಚ್ಚರದಿಂದ, ‘ಟ್ರಿಬ್ಯೂನಲ್ಲಿನ ದಿನ ನಿಮಗೆ ಬಹಳ ಹೆದರಿಕೆಯಾಗಿತ್ತೇ?’ ಎಂದು ಕೇಳುತ್ತಾರೆ. ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ. ಆಮೇಲೆ ತಾಯಿಯ ದನಿ: ‘ಹೆದರಿಕೆ ಯಾಕೆ? ಚೀಟಿ ಬರೆದವಳು ನಾನೇ ಅಲ್ಲವಾ?’

ಯಾವ ಚೀಟಿ ಎಂದು ಮಗ ಕೇಳಬೇಕಾಯಿತು. ಎಂಬತ್ತು ವರ್ಷದ ಹೆಂಗಸು ಮಗನ ಅಜ್ಞಾನಕ್ಕೆ ಬೆರಗಾದದ್ದು ಯಂತ್ರದಲ್ಲಿಯೂ ಕೇಳಿಸುತ್ತದೆ. 1962ರಿಂದ ಗೇಣಿಯ ಲೆಕ್ಕವನ್ನು ಬರೆಯುತ್ತಿದ್ದವರು ಅವರು. ಅಣ್ಣನಿಗೆ ಕೋರ್ಟು, ಬಸದಿಯ ಆಡಳಿತ, ಊರಿನ ಪಂಚಾಯಿತಿಕೆಗಳಲ್ಲಿ ಬಿಡುವಿರಲಿಲ್ಲ. ಲೆಕ್ಕದ ನೆನಪೂ ಅಷ್ಟಕ್ಕಷ್ಟೆ. ಕೊಟ್ಟ ಗೇಣಿಯನ್ನು ಕೊಟ್ಟಿಲ್ಲವೆಂದು ಮತ್ತೆ ಕೇಳಿದ್ದೂ ಉಂಟು. ಅದುವರೆಗೆ ಆ ಮನೆಯಲ್ಲಿ ಒಕ್ಕಲಿಗೆ ರಸೀದಿ ಕೊಡುವ ಪದ್ಧತಿಯೇ ಇರಲಿಲ್ಲ. ತಂಗಿ ಮಕ್ಕಳ ಹಳೆಯ ನೋಟುಪುಸ್ತಕಗಳ ಖಾಲಿ ಹಾಳೆಗಳನ್ನು ಹರಿದು, ಇಂತಿಂಥ ಒಕ್ಕಲಿನಿಂದ ಇಂಥ ವರ್ಷದ ಗೇಣಿ ಇಷ್ಟು ಮುಡಿ ಸಂದಿದೆ ಎಂದು ಬರೆದು, ಕೆಳಗೆ ತನ್ನ ಹೆಸರಿನ ಮೊದಲಕ್ಷರ ಹಾಕಿ ಕೊಡತೊಡಗಿದರು. ಅಣ್ಣನಿಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಹೆಂಗಸಿನ ಚಾಳಿ ಎಂದು ನಕ್ಕು ಬಿಟ್ಟಿದ್ದರು. ಹನ್ನೆರಡು ವರ್ಷದ ಚೀಟಿಗಳು ಮೂರು ಒಕ್ಕಲು ಮನೆಗಳ ತಗಡಿನ ಪೆಟ್ಟಿಗೆಗಳಲ್ಲಿ ಸೇರಿದ್ದವು. ಮಂಡಳಿಯ ಮೇಜಿನ ಮೇಲೆ ಅವು ಬಂದಾಗ ಕೂಲಿಯಾಳು ಎಂಬ ಮಾತಿಗೆ ನೆಲೆಯುಳಿಯಲಿಲ್ಲ. ವಿಚಾರಣೆಯ ಹಿಂದಿನ ರಾತ್ರಿ ಅಣ್ಣ ತಂಗಿಗೆ ಹೇಳಿದ್ದು ಒಂದೇ ಮಾತು: ಆ ಅಕ್ಷರ ನನ್ನದಲ್ಲ ಎಂದು ಹೇಳಿಬಿಡು.

‘ಹೇಳಬಹುದಿತ್ತು. ಐದನೇ ಕ್ಲಾಸಿನ ಹೆಂಗಸಿಗೆ ಬರೆಯಲಿಕ್ಕೆ ಬರುತ್ತದೆ ಅಂತ ಅಲ್ಲಿ ಯಾರಿಗೆ ಗೊತ್ತಿತ್ತು? ಅಣ್ಣನಿಗೆ ಅದೇ ಧೈರ್ಯ. ಸಾಹೇಬರು ಚೀಟಿ ತೋರಿಸಿ ಕೇಳಿದರು, ಇದು ಯಾರ ಅಕ್ಷರ ಅಮ್ಮ ಅಂತ. ನನ್ನದು ಅಂದೆ. ಅಷ್ಟೇ.’

ಇಲ್ಲಿಯವರೆಗಿನದನ್ನು ಕೇಳಿದ ಮಗನ ಮನಸ್ಸು ಎಲ್ಲಿಗೆ ಹಾರಿತೆಂಬುದು ಧ್ವನಿಮುದ್ರಣದಲ್ಲಿಯೇ ಸ್ಪಷ್ಟವಾಗಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ, ಲಕ್ಕುಂಡಿಯಲ್ಲಿ ಜಿನಾಲಯವನ್ನು ಎತ್ತಿಸಿದ ಅತ್ತಿಮಬ್ಬೆಯ ಬಗೆಗೆ ಅವರು ಎಷ್ಟೋ ಉಪನ್ಯಾಸಗಳನ್ನು ಕೊಟ್ಟವರು. ದಾನಶೀಲೆ, ಸತ್ಯವ್ರತೆ ಎಂಬ ಮಾತುಗಳು ನಾಲಗೆಯ ತುದಿಯಲ್ಲಿದ್ದವು. ಸತ್ಯಾಣುವ್ರತ, ಪರಿಗ್ರಹಪರಿಮಾಣ ಮುಂತಾದ ಪದಗಳನ್ನು ಬಳಸಿ, ನೀವು ಹಾಗೆ ಭಾವಿಸಿ ನುಡಿದದ್ದೇ ಎಂದು ಸುದೀರ್ಘವಾಗಿ ಕೇಳುತ್ತಾರೆ. ಸಂದರ್ಶಕನು ತನಗೆ ಬೇಕಾದ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೊಡುವ ಈ ದೋಷ ವಿದ್ವಾಂಸರಲ್ಲಿಯೇ ಹೆಚ್ಚು. ತಾಯಿ ಒಪ್ಪಲಿಲ್ಲ. ‘ಅದೆಲ್ಲ ದೊಡ್ಡ ಮಾತು. ನನ್ನ ಅಕ್ಷರವನ್ನು ನನ್ನದಲ್ಲ ಅಂತ ಹೇಳಿದರೆ ನನ್ನ ಕೈಯಲ್ಲಿ ಉಳಿಯುವುದೇನು? ಈ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.’ ತುಸು ತಡೆದು ಇನ್ನೂ ಒಂದು ಮಾತು ಸೇರಿಸುತ್ತಾರೆ: ‘ಅಣ್ಣನ ಮೇಲೆ ಸಿಟ್ಟೂ ಇತ್ತು. ಅದನ್ನೂ ಬರೆದುಕೋ.’

ಈ ಉತ್ತರ ಅಣುವ್ರತದ ಉತ್ತರಕ್ಕಿಂತ ಕಡಿಮೆಯದೆಂದು ಯಾರಾದರೂ ಭಾವಿಸಿದರೆ ಅದು ಅವರ ಅಭಿರುಚಿಯ ಪ್ರಶ್ನೆ. ಇತಿಹಾಸದ ದೃಷ್ಟಿಯಿಂದ ಇದೇ ಹೆಚ್ಚು ಬೆಲೆಯುಳ್ಳದ್ದು. ಶಾಸನಗಳು ಕೊಟ್ಟವರ ಪುಣ್ಯವನ್ನು ಹೇಳುತ್ತವೆ, ಕಿತ್ತುಕೊಂಡವರಿಗೆ ಶಾಪವನ್ನು ಹಾಕುತ್ತವೆ. ಕೊಟ್ಟವರಿಗೆ ಯಾರ ಮೇಲೆ ಸಿಟ್ಟಿತ್ತು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ.

ಮಗನಿಗೆ ಅಂದು ರಾತ್ರಿ ನಿದ್ದೆ ಬರಲಿಲ್ಲವಂತೆ. ಭೂಮಿ ಹೋದದ್ದರ ದುಃಖ ಎಂದೋ ಇಂಗಿತ್ತು. ಅವರನ್ನು ಕಾಡಿದ್ದು ಬೇರೆಯೇ ಸಂಗತಿ. ಮೈಸೂರಿನ ಬಾಡಿಗೆ ಕೋಣೆಯಲ್ಲಿ ಕರಡು ತಿದ್ದುತ್ತ ಕುಳಿತ ರಾತ್ರಿಗಳಲ್ಲಿ ಅವರು ಊರಿನ ಮುಗ್ಧ ತಾಯಿಯನ್ನು ನೆನೆದು ಮರುಗುತ್ತಿದ್ದರು. ಲೋಕ ಅವರಿಗೆ ಮೋಸ ಮಾಡಿತೆಂಬ ಆ ಮರುಕವೇ ಅವರ ಓದಿಗೆ ಛಲ ಕೊಟ್ಟಿತ್ತು. ಈಗ ಆ ಮುಗ್ಧೆ ಇಲ್ಲವಾದರು. ಅವರ ಜಾಗದಲ್ಲಿ ಕುಳಿತಿದ್ದವರು ಮಗನ ಓದಿಗೆ, ಅಣ್ಣನ ಸ್ನೇಹಕ್ಕೆ, ತನ್ನ ಮುಂದಿನ ಊಟಕ್ಕೆ ಏನಾಗಬಹುದೆಂದು ತಿಳಿದೂ ‘ನನ್ನದು’ ಎಂದ ಹೆಂಗಸು. ನಾಲ್ಕನೆಯ ದಿನದ ಮೊದಲ ಪ್ರಶ್ನೆ ಇದರಿಂದಲೇ ಹುಟ್ಟಿದ್ದು. ಸಂದರ್ಶಕನ ದನಿ ಅಲ್ಲಿಲ್ಲ. ಮಗನ ದನಿ ಇದೆ. ‘ನನ್ನ ಓದು ನಿಲ್ಲುತ್ತದೆ ಎಂದು ಆಗ ನಿಮಗೆ ಹೊಳೆಯಲಿಲ್ಲವೇ?’

‘ಹೊಳೆಯಿತು’ ಎಂದರು ತಾಯಿ. ‘ನೀನು ಹೇಗಾದರೂ ಓದುತ್ತಿ ಅಂತ ಗೊತ್ತಿತ್ತು. ಅವರ ಮಕ್ಕಳಿಗೆ ಹೇಗಾದರೂ ಅಂತ ಒಂದು ಇರಲಿಲ್ಲ.’ ಬಳಿಕ ಒಳಗೆ ಹೋಗಿ ಚಹಾ ತಂದರು. ಆ ಹತ್ತು ನಿಮಿಷ ಯಂತ್ರ ಸುಮ್ಮನೆ ಓಡಿದೆ. ಮಳೆ, ಒಂದು ಬಸ್ಸು, ಪಾತ್ರೆಯ ಸದ್ದು.

ಇಷ್ಟೆಲ್ಲ ವರ್ಷ ‘ಪಾಪದವಳು’ ಎಂಬ ಹೆಸರನ್ನು ಯಾಕೆ ಹೊತ್ತುಕೊಂಡಿದ್ದಿರಿ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ವಿವರಣೆ ಲೌಕಿಕವಾದದ್ದು. ಆ ಕಥೆಯನ್ನು ಕಟ್ಟಿದವರು ಅಣ್ಣ. ತಂಗಿ ಬೇಕೆಂದೇ ಹೇಳಿದಳು ಎನ್ನುವುದು ಅವರಿಗೆ ಅವಮಾನ. ಹೆದರಿ ಹೇಳಿದಳು ಎಂದರೆ ಊರಿನಲ್ಲಿ ತಲೆಯೆತ್ತಿ ನಡೆಯಬಹುದು. ತಂಗಿಗೂ ಅದರಿಂದ ಅನುಕೂಲವಿತ್ತು: ಮುಗ್ಧೆಯನ್ನು ಮನೆಯಿಂದ ಹೊರಗೆ ಹಾಕಲು ಬರುವುದಿಲ್ಲ. ಹದಿನೇಳು ವರ್ಷ ಮಾತಿಲ್ಲದೆ ಒಂದೇ ಮಾಡಿನ ಕೆಳಗೆ ಬದುಕಿದ ಅಣ್ಣತಂಗಿಯರು ಈ ಒಂದು ಸುಳ್ಳನ್ನು ಮಾತ್ರ ಒಟ್ಟಾಗಿ ಕಾಪಾಡಿಕೊಂಡು ಬಂದಿದ್ದರು.

ಐದನೆಯ ದಿನ ತಾಯಿ, ನನ್ನದು ಸಾಕು, ಇನ್ನು ಅವರನ್ನೂ ಕೇಳು ಎಂದು ಮಗನನ್ನು ತೋಡಿನಾಚೆಯ ಮನೆಗೆ ಕಳುಹಿಸಿದರು. ಮೂವರು ಒಕ್ಕಲುಗಳಲ್ಲಿ ಒಬ್ಬರ ಹೆಂಡತಿ ಇನ್ನೂ ಇದ್ದರು. ತಾಯಿಗಿಂತ ಎರಡು ಮೂರು ವರ್ಷ ಚಿಕ್ಕವರು. ಕಣ್ಣು ಮಂಜಾಗಿತ್ತು, ಮಾತು ಚುರುಕಾಗಿತ್ತು. ಅವರ ನೆನಪಿನಲ್ಲಿ ಘಟನೆ ಸ್ವಲ್ಪ ಬೇರೆ. ‘ಅಮ್ಮನವರಿಗೆ ಸ್ವರವೇ ಬರಲಿಲ್ಲ. ಕೈ ನಡುಗುತ್ತಿತ್ತು. ಸಾಹೇಬರು ಎರಡು ಸಲ ಕೇಳಿದ ಮೇಲೆ ತಲೆ ಆಡಿಸಿದರು. ಹೊರಗೆ ಬಂದು ಗೋಡೆ ಹಿಡಿದು ನಿಂತರು. ನನ್ನ ಗಂಡ ನೀರು ಕೊಡಲಿಕ್ಕೆ ಹೋದರೆ, ಬೇಡ, ಅಣ್ಣ ನೋಡುತ್ತಾರೆ ಅಂದರು.’ ಹೆದರಿಕೆ ಯಾಕೆ ಎಂದು ಮೂರನೆಯ ದಿನ ಕೇಳಿದ್ದ ತಾಯಿಯ ಮಾತಿಗೂ ಇದಕ್ಕೂ ಹೊಂದಿಕೆಯಿಲ್ಲ. ಮಗ ಎರಡನ್ನೂ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಬರೆದುಕೊಂಡಿದ್ದಾರೆ. ಒಂದನ್ನು ಇನ್ನೊಂದರಿಂದ ತಿದ್ದುವ ಗೋಜಿಗೆ ಹೋಗಿಲ್ಲ. ಪಾಠಾಂತರಗಳನ್ನು ಕಾಣಿಸಿ ಸುಮ್ಮನಿರುವುದು ಗ್ರಂಥಸಂಪಾದನೆಯಲ್ಲಿ ಒಳ್ಳೆಯ ಕ್ರಮ. ಇಲ್ಲಿಯೂ ಅದೇ ಸರಿಯಾದದ್ದು.

ತಗಡಿನ ಪೆಟ್ಟಿಗೆ ಆ ಮನೆಯಲ್ಲಿ ಇನ್ನೂ ಇತ್ತು. ಭೂಮಿ ಹೆಸರಿಗೆ ಬಂದು ಮೂವತ್ತು ವರ್ಷ ಕಳೆದಿದ್ದರೂ ಚೀಟಿಗಳನ್ನು ಎಸೆದಿರಲಿಲ್ಲ. ಮೊಮ್ಮಗ ಅವನ್ನು ಒಂದೊಂದಾಗಿ ಬಿಡಿಸಿ ಕೊಟ್ಟ. ಎರಡು ಗೆರೆ, ನಾಲ್ಕು ಗೆರೆಯ ಕಾಪಿಪುಸ್ತಕದ ಹಾಳೆಗಳು. ಕೆಲವುದರ ಹಿಂಬದಿಯಲ್ಲಿ ಬಾಲಕನಾಗಿದ್ದಾಗ ಮಗನೇ ಬರೆದ ಮಗ್ಗಿಗಳು. ಮುಂಬದಿಯಲ್ಲಿ ತಾಯಿಯ ದುಂಡಗಿನ ಅಕ್ಷರ. ದೀರ್ಘದ ಕೊಂಬನ್ನು ಮೇಲಕ್ಕೆ ಎಳೆದು ಬಿಡುವ ಒಂದು ವಿಶಿಷ್ಟ ರೀತಿ ಇದೆ. ಅದೇ ಎಳೆತ ಮಗನ ಕೈಬರಹದಲ್ಲಿಯೂ ಇದೆ. ಹನ್ನೆರಡು ಚೀಟಿಗಳಲ್ಲಿ ಹನ್ನೊಂದರಲ್ಲಿ ಗೇಣಿ 18 ಮುಡಿ. 1965ನೇ ಸಾಲಿನ ಒಂದರಲ್ಲಿ ಮಾತ್ರ 16.

ಲಿಪಿಕಾರನ ತಪ್ಪುಗಳನ್ನು ಹುಡುಕುವುದೇ ವೃತ್ತಿಯಾಗಿದ್ದ ಮಗ ಮನೆಗೆ ಬಂದವರೇ ಅಟ್ಟದ ಪೆಟ್ಟಿಗೆಯಿಂದ ಮನೆಯ ಗೇಣಿ ಪುಸ್ತಕವನ್ನು ತೆಗೆದು ನೋಡಿದರು. ಅದೂ ತಾಯಿಯ ಅಕ್ಷರವೇ. ಯಜಮಾನರಿಗೆ ತೋರಿಸುತ್ತಿದ್ದ ಪುಸ್ತಕ. ಅದರಲ್ಲಿ ಅದೇ ಒಕ್ಕಲಿನ ಹೆಸರಿನಲ್ಲಿ, ಅದೇ ವರ್ಷ, ಸಂದ ಗೇಣಿ 18 ಮುಡಿ ಎಂದಿದೆ. ಎರಡು ದಾಖಲೆ, ಒಂದೇ ಕೈ, ಎರಡು ಮುಡಿಯ ವ್ಯತ್ಯಾಸ. ಮಂಡಳಿಯ ಮುಂದೆ ಸುಳ್ಳು ಹೇಳಲಾರದೆ ಹೋದವರು ಮನೆಯ ಪುಸ್ತಕದಲ್ಲಿ ಸುಳ್ಳು ಬರೆದಿದ್ದರು.

ಆರನೆಯ ದಿನ, ಮುಗಿಯಿತೆಂದುಕೊಂಡಿದ್ದ ಸಂದರ್ಶನವನ್ನು ಮಗ ಮತ್ತೆ ತೆರೆದರು. ಪುಸ್ತಕವನ್ನು ಮುಂದಿಟ್ಟು ಕೇಳಿದಾಗ ತಾಯಿ ಕನ್ನಡಕ ತರಿಸಿಕೊಂಡು ಆ ಪುಟವನ್ನು ಬಹಳ ಹೊತ್ತು ನೋಡಿದರು. ಆ ವರ್ಷ ತೋಡಿನಾಚೆಯವರ ಏಣೆಲು ನೆಲಕ್ಕೆ ಬಿದ್ದಿತ್ತು. ಹದಿನಾರು ಮುಡಿಯನ್ನೇ ಬಹಳ ಕಷ್ಟದಿಂದ ಹೊತ್ತು ತಂದಿದ್ದರು. ಬಾಕಿ ಎಂದು ಬರೆದರೆ ಅಣ್ಣ ಒಕ್ಕಲು ಬಿಡಿಸುತ್ತಿದ್ದರು. ಬೇರೊಬ್ಬ ಕೇಳಿಕೊಂಡು ಬಂದೂ ಆಗಿತ್ತು. ಹಾಗಾದರೆ ಆ ಎರಡು ಮುಡಿ ಎಲ್ಲಿಂದ ಬಂತು ಎಂಬುದು ಮಗನ ಪ್ರಶ್ನೆ. ಅಕ್ಕಿಯ ಕೋಣೆಯಲ್ಲಿ 84 ಸೇರು ಕಡಿಮೆ ಬಿದ್ದಿರಲೇಬೇಕು. ಯಜಮಾನರು ವರ್ಷಕ್ಕೊಮ್ಮೆ ಮುಡಿ ಎಣಿಸುತ್ತಿದ್ದರು.

ತಾಯಿ ನೇರವಾಗಿ ಉತ್ತರಿಸಲಿಲ್ಲ. ಮಗನಿಗೆ ನೆನಪಿದೆಯೇ ಎಂದು ಕೇಳಿದರು: ಲಾಲ್ ಬಹದ್ದೂರ್ ಶಾಸ್ತ್ರಿಯವರು ದೇಶದಲ್ಲಿ ಧಾನ್ಯ ಸಾಲದು, ಸೋಮವಾರ ಸಂಜೆಯ ಊಟ ಬಿಡಿ ಎಂದು ಕರೆ ಕೊಟ್ಟದ್ದು. ಮಗನಿಗೆ ಚೆನ್ನಾಗಿ ನೆನಪಿತ್ತು. ಆಗ ಅವರಿಗೆ ಹತ್ತು ವರ್ಷ. ಊರಿನ ಎಷ್ಟೋ ಮನೆಗಳು ನಾಲ್ಕು ವಾರ ನಡೆಸಿ ಬಿಟ್ಟಿದ್ದವು. ಆ ಮನೆಯಲ್ಲಿ ಮಾತ್ರ ತಾಯಿ ಒಂದು ಸೋಮವಾರವನ್ನೂ ತಪ್ಪಿಸಲಿಲ್ಲ. ಯಜಮಾನರೂ ಅದಕ್ಕೆ ತಲೆಬಾಗಿ, ತಂಗಿಯ ದೇಶಭಕ್ತಿಯನ್ನು ನಾಲ್ಕು ಜನರ ಮುಂದೆ ಹೊಗಳುತ್ತಿದ್ದರು. ಹಸಿದ ಮಕ್ಕಳಿಗೆ ಬೇಯಿಸಿದ ಗೆಣಸು ಸಿಗುತ್ತಿತ್ತು. ತಾಯಿ ತಾವು ಮಾತ್ರ ಅಷ್ಟಮಿ ಚತುರ್ದಶಿಗಳಲ್ಲದೆ ಬೇರೆ ದಿನಗಳಲ್ಲಿಯೂ ಏಕಾಶನ ಹಿಡಿದಿದ್ದರು. ಯಾವ ನೋಂಪಿ ಎಂದು ಕೇಳಿದ ಇಂದ್ರರಿಗೆ ಏನೋ ಒಂದು ಹೆಸರು ಹೇಳಿದ್ದರು. 1966ರ ಜನವರಿಯಲ್ಲಿ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡರು.

‘ಅವರು ತೀರಿದ ಮೇಲೂ ಸೋಮವಾರದ ಉಪವಾಸ ಎಷ್ಟು ದಿನ ನಡೆಯಿತು, ಹೇಳು?’ ಎಂದರು ತಾಯಿ.

ಮುಂದಿನ ಏಣೆಲು ಕೊಯ್ಲಿನವರೆಗೆ ಎಂದು ಮಗ ಲೆಕ್ಕಹಾಕಿ ಹೇಳಿದರು. ತಾಯಿ ಪುಸ್ತಕವನ್ನು ಮುಚ್ಚಿ, ಕನ್ನಡಕವನ್ನು ಅದರ ಮೇಲಿಟ್ಟು, ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕೆಂದು ಎದ್ದರು.